ವಡಗಾವಿಯ ಉತಾರ, ಮುಂಬೈಯ ಹಣ

ನಮಸ್ಕಾರ ಕೇಳುಗರೇ. ಮನೆ ಸಾಲದ ಬಗ್ಗೆ ನಮಗೆ ಗೊತ್ತಿರೋದು ಎರಡೇ ಮಾತು. ಬ್ಯಾಂಕು ಕೊಡುತ್ತದೆ, ನಾವು ತಿಂಗಳಾ ತಿಂಗಳಾ ಕಂತು ಕಟ್ಟುತ್ತೇವೆ. ಆದರೆ ಸಾಲ ಕೊಟ್ಟವರು ಆ ಸಾಲವನ್ನೇ ಇನ್ನೊಬ್ಬರಿಗೆ ಮಾರಬಹುದು. ಹಾಗೆ ಮಾರುವ, ಕೊಳ್ಳುವ ಪೇಟೆಗೆ ಸೆಕೆಂಡರಿ ಮಾರ್ಟ್‌ಗೇಜ್ ಮಾರ್ಕೆಟ್ ಅಂತಾರೆ. ಸಾಲ ಮಾರ್ತಾರಾ ಅಂತ ಗಾಬರಿಯಾಗಬೇಡಿ. ನಿಮ್ಮ ಕಂತು ಸಾಮಾನ್ಯವಾಗಿ ಅದೇ ಆಫೀಸಿಗೇ ಹೋಗುತ್ತದೆ, ಒಪ್ಪಂದದ ಷರತ್ತೂ ಬದಲಾಗುವುದಿಲ್ಲ.

ಮಾರುವುದು ಯಾಕೆ? ನಾವು ಬ್ಯಾಂಕಿನಲ್ಲಿ ಠೇವಣಿ ಇಡುವುದು ಒಂದು ವರ್ಷಕ್ಕೆ, ಮೂರು ವರ್ಷಕ್ಕೆ. ಅದೇ ಬ್ಯಾಂಕಿನಿಂದ ಮನೆ ಸಾಲ ಕೇಳುವುದು ಇಪ್ಪತ್ತು ವರ್ಷಕ್ಕೆ. ಠೇವಣಿಯೂ ಇಲ್ಲದ ಸಣ್ಣ ಹೌಸಿಂಗ್ ಫೈನಾನ್ಸ್ ಕಂಪನಿಯ ಪಾಡು ಇನ್ನೂ ಕಷ್ಟ. ಅದರ ಹತ್ತಿರ 100 ಕೋಟಿ ಇದೆ ಅಂದುಕೊಳ್ಳಿ. ತಲಾ 20 ಲಕ್ಷದಂತೆ 500 ಮನೆಗೆ ಕೊಟ್ಟರೆ ಪೆಟ್ಟಿಗೆ ಖಾಲಿ. 501ನೆಯವರು ಬಂದರೆ ಕೈ ಮುಗಿಯಬೇಕು. ಆ 500 ಸಾಲಗಳನ್ನು ಒಟ್ಟು ಮಾಡಿ ಮಾರಿದರೆ ಹಣ ವಾಪಸ್ ಬರುತ್ತದೆ, ಮತ್ತೆ ಸಾಲ ಕೊಡಬಹುದು. ಕೊಳ್ಳುವವರು ವಿಮಾ ಕಂಪನಿ, ಪಿಂಚಣಿ ನಿಧಿಯಂಥವರು. ಅವರಿಗೆ ಇಪ್ಪತ್ತು ವರ್ಷದವರೆಗೆ ಆದಾಯ ಕೊಡುವ ಹೂಡಿಕೆಯೇ ಬೇಕು.

ಹಣ ಸಲೀಸಾಗಿ ಸಿಕ್ಕರೆ ಬಡ್ಡಿಯೂ ಇಳಿಯಬಹುದು. 20 ಲಕ್ಷದ ಸಾಲ, 20 ವರ್ಷದ ಅವಧಿ. ಬಡ್ಡಿ ಶೇ. 9 ಇದ್ದರೆ ಕಂತು ಸುಮಾರು 17,995 ರೂಪಾಯಿ. ಶೇ. 8.5 ಆದರೆ 17,356. ತಿಂಗಳಿಗೆ ಆರುನೂರು ಚಿಲ್ಲರೆ, ಅದೇನು ಮಹಾ ಅನ್ನಿಸಬಹುದು. ಸಾಲ ಮುಗಿಯುವ ಹೊತ್ತಿಗೆ ಅದೇ ಒಂದೂವರೆ ಲಕ್ಷ ದಾಟುತ್ತದೆ.

ಈ ಪೇಟೆಯನ್ನು ದೊಡ್ಡದಾಗಿ ಬೆಳೆಸಿದ್ದು ಅಮೆರಿಕ. ಅಲ್ಲಿ 1938ರಲ್ಲಿ ಫ್ಯಾನಿ ಮೇ, 1970ರಲ್ಲಿ ಫ್ರೆಡ್ಡಿ ಮ್ಯಾಕ್ ಅನ್ನುವ, ಮನೆ ಸಾಲ ಕೊಳ್ಳುವ ಸಂಸ್ಥೆಗಳು ಹುಟ್ಟಿದವು. ಸಾಲ ತೀರಿಸುವ ಶಕ್ತಿ ನೋಡದೆ ಕೊಟ್ಟ ಸಾಲಗಳೂ ಮುಂದೆ ಈ ಪೇಟೆಗೆ ಬಂದವು. ಹೇಗಿದ್ದರೂ ನಾಳೆ ಮಾರಿಬಿಡುತ್ತೇವಲ್ಲ ಅನ್ನುವ ಧೈರ್ಯ. 2008ರಲ್ಲಿ ಎಲ್ಲ ಕುಸಿಯಿತು, ಆ ಎರಡೂ ಸಂಸ್ಥೆಗಳನ್ನು ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ನಮ್ಮ ರಿಸರ್ವ್ ಬ್ಯಾಂಕ್ 2021ರಲ್ಲಿ ಹೊರಡಿಸಿದ ನಿಯಮ ನೋಡಿ: ಮನೆ ಸಾಲದ ಗಂಟು ಮಾರುವವರು ಕನಿಷ್ಠ ಶೇ. 5ರಷ್ಟು ಪಾಲು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಸಾಲ ಮುಳುಗಿದರೆ ಅವರಿಗೂ ಬಿಸಿ ತಟ್ಟಲಿ ಅಂತ.

ನಮ್ಮಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಶುರುವಾಗಿದ್ದು 1988ರಲ್ಲಿ. ಅದು ಮನೆ ಸಾಲ ಕೊಡುವ ಕಂಪನಿಗಳಿಗೆ ತಾನೇ ಸಾಲ ಕೊಡುತ್ತದೆ. 2000ದಲ್ಲಿ ಮನೆ ಸಾಲಗಳನ್ನು ಒಟ್ಟುಗೂಡಿಸಿ ಹೂಡಿಕೆ ಪತ್ರಗಳಾಗಿ ಮಾರುವ ಪ್ರಯೋಗವನ್ನೂ ಮಾಡಿತು, ಆದರೆ ಅದು ಬಹಳ ಬೆಳೆಯಲಿಲ್ಲ. 2018ರಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುತ್ತಿದ್ದ ದೊಡ್ಡ ಕಂಪನಿ ಐಎಲ್ ಅಂಡ್ ಎಫ್‌ಎಸ್ ಮುಗ್ಗರಿಸಿದಾಗ ಫೈನಾನ್ಸ್ ಕಂಪನಿಗಳಿಗೆ ಹಣ ಹುಟ್ಟುವುದೇ ಕಷ್ಟವಾಯಿತು. ಆಗ ಎಷ್ಟೋ ಕಂಪನಿಗಳಿಗೆ ಉಸಿರು ಕೊಟ್ಟಿದ್ದು ತಮ್ಮ ಸಾಲಗಳನ್ನು ಬ್ಯಾಂಕುಗಳಿಗೆ ಮಾರಿ ಬಂದ ಹಣ. 2025ರ ಮೇ ತಿಂಗಳಲ್ಲಿ ಎಲ್‌ಐಸಿ ಹೌಸಿಂಗ್ ಫೈನಾನ್ಸಿನ ಮನೆ ಸಾಲಗಳ ಮೇಲೆ ಹೊರಟ 1,000 ಕೋಟಿ ರೂಪಾಯಿಯ ಪತ್ರಗಳು ಮುಂಬೈಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಪಟ್ಟಿಯಾದವು.

ಸರಿ, ಈ ಹಣ ಬೆಳಗಾವಿಯ ವಡಗಾವಿ ಓಣಿಗೆ ಬರುತ್ತದೆಯೇ? ನನ್ನ ತಕರಾರು ಇರುವುದು ಇಲ್ಲೇ. ಅಲ್ಲಿ ನೇಕಾರರ ಮನೆಗೆ ಹೋಗಿ ನೋಡಿ. ಮುಂದಿನ ಕೋಣೆಯಲ್ಲಿ ಪವರ್‌ಲೂಮ್ ಖಟಖಟ ಅನ್ನುತ್ತಿರುತ್ತದೆ, ಹಿಂದೆ ಒಲೆ, ಅಟ್ಟದ ಮೇಲೆ ಹಾಸಿಗೆ. ಸಾಲದ ಆಫೀಸಿನ ಹುಡುಗ ಕೇಳುತ್ತಾನೆ, ‘ಕಾಕಾ, ಸಂಬಳದ ಚೀಟಿ ಐತೇನ್ರೀ?’ ಕಾಕಾ ನಗುತ್ತಾರೆ, ‘ಮಗ್ಗಕ್ಕ ಎಲ್ಲಿ ಸಂಬಳ ತಮ್ಮಾ?’ ಇನ್ನು ಇದು ಮನೆಯೋ, ಕಾರ್ಖಾನೆಯೋ? ಅರ್ಜಿಯಲ್ಲಿ ಯಾವುದಕ್ಕೆ ಟಿಕ್ ಹಾಕಬೇಕು?

ಸಾಲ ಮಾರಬೇಕಾದರೆ ಕಾಗದ ಅಚ್ಚುಕಟ್ಟಾಗಿರಬೇಕು. ಮುಂಬೈಯಲ್ಲಿ ಕೂತ ಕೊಳ್ಳುವವನು ಕಾಕಾನ ಮುಖ ನೋಡುವುದಿಲ್ಲ, ಉತಾರ, ಅಂದರೆ ಆಸ್ತಿಯ ದಾಖಲೆ ನೋಡುತ್ತಾನೆ. ಹಳ್ಳಿಯಾದರೆ ಪಂಚಾಯಿತಿಯ ಇ-ಸ್ವತ್ತಿನ ಕಾಗದ ಇದೆಯೇ, ಎನ್‌ಎ (ಹೊಲವನ್ನು ಕೃಷಿಯೇತರ ಜಾಗವಾಗಿ ಬದಲಿಸುವುದು) ಆಗಿದೆಯೇ, ಇಲ್ಲಾ ಸುಮ್ನೆ ಬಾಂಡ್ ಪೇಪರ್ ಮೇಲೆ ಬರೆಸಿಕೊಂಡ ಗುಂಟೆ ಪ್ಲಾಟೇ? ಕಾಗದ ಸರಿಯಿಲ್ಲ ಅಂದರೆ ಸಾಲ ಸಿಗುವುದೇ ಕಷ್ಟ, ಸಿಕ್ಕರೂ ಬಡ್ಡಿ ಜಾಸ್ತಿ. ಅಂದರೆ ಅಗ್ಗದ ಹಣ ಸಂಬಳದಾರರ ಮನೆಗೆ ಮೊದಲು ಹೋಗುತ್ತದೆ, ನೇಕಾರರ ಓಣಿಗೆ ಕೊನೆಗೆ ಬರುತ್ತದೆ. ಇಳಕಲ್, ಬನಹಟ್ಟಿಯ ಮಗ್ಗದ ಮನೆಗಳದ್ದೂ ಇದೇ ಕಥೆ.

ಅಮೆರಿಕದವರು 1992ರಲ್ಲಿ ಒಂದು ಕಾನೂನು ಮಾಡಿದರು. ಫ್ಯಾನಿ, ಫ್ರೆಡ್ಡಿ ಕೊಳ್ಳುವ ಸಾಲಗಳಲ್ಲಿ ಕಡಿಮೆ ಆದಾಯದವರದ್ದಕ್ಕೂ ಗುರಿ ಗೊತ್ತುಮಾಡಿದರು. ಬಾಡಿಗೆಗೆ ಕೊಡುವ ಅಪಾರ್ಟ್‌ಮೆಂಟ್ ಕಟ್ಟಡಗಳ ಸಾಲವನ್ನೂ ಅವು ಕೊಳ್ಳುತ್ತವೆ. ಕಟ್ಟಿದವರಿಗೆ ದೀರ್ಘಾವಧಿಯ ಸಾಲ ಸಿಕ್ಕರೆ ಕಂತಿನ ಭಾರ ತಗ್ಗುತ್ತದೆ, ಬಾಡಿಗೆಯನ್ನೂ ಹಿಡಿತದಲ್ಲಿ ಇಡಬಹುದು. ಅಂಥದ್ದೊಂದು ಗುರಿ ನಮ್ಮಲ್ಲೂ ಬೇಕು ಅನ್ನುವುದು ನನ್ನ ಅಭಿಪ್ರಾಯ. ಕೇಂದ್ರ ಸರ್ಕಾರ 2020ರಲ್ಲಿ ಕೈಗೆಟಕುವ ಬಾಡಿಗೆ ವಸತಿ ಯೋಜನೆ ತಂದಿತು, ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಹಂತದಲ್ಲೂ ಬಾಡಿಗೆ ಮನೆಗೆ ಜಾಗವಿದೆ. ಆದರೆ ನಮ್ಮ ಊರುಗಳಲ್ಲಿ ಬಾಡಿಗೆ ಮನೆ ಹುಟ್ಟುವ ರೀತಿಯೇ ಬೇರೆ. ಉದ್ಯಮಬಾಗದ ಫೌಂಡ್ರಿ ಕೆಲಸಗಾರ, ಮಚ್ಛೆಯ ವಿಟಿಯು ವಿದ್ಯಾರ್ಥಿ ಇವರೆಲ್ಲ ಇರೋದು ಯಾರದೋ ಮನೆಯ ಮಾಳಿಗೆಯ ಮೇಲೆ. ಕೆಳಗೆ ಮಾಲೀಕರು, ಮೇಲೆ ಎರಡು ಖೋಲಿ ಬಾಡಿಗೆಗೆ. ಆ ಬಾಡಿಗೆಯಲ್ಲೇ ಅರ್ಧ ಕಂತು ತೀರುತ್ತದೆ. ಮೇಲಿನ ಆ ಎರಡು ಖೋಲಿಗೆ ಕೊಡುವ ಸಣ್ಣ ಸಾಲವನ್ನೂ ದೊಡ್ಡವರು ಕೊಳ್ಳುವಂತಾದರೆ ನಮ್ಮಲ್ಲಿ ಬಾಡಿಗೆ ಮನೆ ತಾನಾಗೇ ಹೆಚ್ಚುತ್ತದೆ.

ಈಗಾಗಲೇ ಸಾಲ ಇರುವವರಿಗೆ ಒಂದು ಮಾತು. ಸಾಲ ಯಾರ ಕೈಗೆ ಹೋಗಿದ್ದರೂ ಪೂರ್ತಿ ತೀರಿಸಿದ ಮೇಲೆ 30 ದಿನದೊಳಗೆ ನಿಮ್ಮ ಮೂಲ ಕಾಗದಪತ್ರ ವಾಪಸ್ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ, ಕೇಳಿ ಪಡೆಯಿರಿ. ನಮಸ್ಕಾರ.