ಉಣುಗು ಕಚ್ಚಿದ್ದಕ್ಕೂ ಕ್ಯಾನ್ಸರ್ ಔಷಧಿಗೂ ಏನು ಸಂಬಂಧ?

ಎಲ್ಲರಿಗೂ ನಮಸ್ಕಾರ. ಟಾರ್ಗೆಟೆಡ್ ಥೆರಪಿ ಅಂದರೆ ಗುರಿಯಿಟ್ಟು ಹೊಡೆಯುವ ಔಷಧಿ. ‘ಹಾಗಾದರೆ ಸೈಡ್ ಎಫೆಕ್ಟ್ ಇರಲ್ಲ ಅಲ್ವಾ ಡಾಕ್ಟ್ರೇ?’ ಎಂದು ಕೇಳುತ್ತಾರೆ. ಇರುತ್ತದೆ. ಇವತ್ತು ಒಂದೇ ಔಷಧಿಯ ಕಥೆ ಹೇಳುತ್ತೇನೆ. ಅದರ ಹೆಸರು ಸೆಟುಕ್ಸಿಮ್ಯಾಬ್. ದೊಡ್ಡ ಕರುಳಿನ ಕ್ಯಾನ್ಸರಿಗೆ, ತಲೆ-ಕುತ್ತಿಗೆಯ ಕ್ಯಾನ್ಸರಿಗೆ ಡ್ರಿಪ್‌ನಲ್ಲಿ ಕೊಡುತ್ತೇವೆ.

ಕ್ಯಾನ್ಸರ್ ಕೋಶದ ಮೈಮೇಲೆ ಇಜಿಎಫ್‌ಆರ್ ಎಂಬ ಪ್ರೋಟೀನು ಇರುತ್ತದೆ. ಔಷಧಿ ಅದಕ್ಕೆ ಅಂಟಿಕೊಂಡು, ಬೆಳೆಯಲು ಬರುವ ಸೂಚನೆಯನ್ನು ತಡೆಯುತ್ತದೆ. ಕಷ್ಟ ಏನೆಂದರೆ ಅದೇ ಪ್ರೋಟೀನು ಚರ್ಮದಲ್ಲೂ ಇದೆ. ಮುಖ, ಎದೆ ತುಂಬ ಮೊಡವೆಯಂಥ ಗುಳ್ಳೆ ಏಳುತ್ತವೆ. ಅಪರೂಪಕ್ಕೆ ಕೆಲವರ ರೆಪ್ಪೆಗೂದಲು ಉದ್ದುದ್ದ ಬೆಳೆದು ಕಣ್ಣಿಗೇ ಚುಚ್ಚುತ್ತದೆ, ಕತ್ತರಿ ಹಿಡಿಯಬೇಕಾಗುತ್ತದೆ. ಇವೆಲ್ಲ ಒಂದು ಮಟ್ಟಿಗೆ ಊಹಿಸಬಹುದಾದ ತೊಂದರೆಗಳು.

ಯಾರೂ ಊಹಿಸದೇ ಇದ್ದದ್ದು ಅಲರ್ಜಿ. 2004ರಲ್ಲಿ ಅಮೆರಿಕದಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕಾಗ, ತೀವ್ರ ಅಲರ್ಜಿ ಆಗುವುದು ನೂರಕ್ಕೆ ಸುಮಾರು 3 ಜನಕ್ಕೆ ಎಂಬ ಲೆಕ್ಕವಿತ್ತು. ಆದರೆ ಟೆನ್ನೆಸೀ, ನಾರ್ತ್ ಕೆರೊಲಿನಾ ರಾಜ್ಯಗಳ ಆಸ್ಪತ್ರೆಗಳಲ್ಲಿ ನೂರಕ್ಕೆ 22 ಜನಕ್ಕೆ ಆಯಿತು. ಮೊದಲ ಡ್ರಿಪ್ ಹಾಕಿ ಕೆಲವೇ ನಿಮಿಷ. ಮೈಯೆಲ್ಲ ಗಂಧೆ, ಉಸಿರು ಸಿಗದು, ಬಿಪಿ ಪಾತಾಳಕ್ಕೆ. ಮೊದಲ ಸಲವೇ ಹೀಗಾದರೆ ವೈದ್ಯರಿಗೆ ಒಂದು ಅನುಮಾನ ಬರಲೇಬೇಕು. ಅಲರ್ಜಿಯ ಪ್ರತಿಕಾಯ ತಯಾರಾಗಲು ಆ ವಸ್ತುವಿನ ಪರಿಚಯ ಮೊದಲೇ ಆಗಿರಬೇಕಲ್ಲ?

ಆಗಿತ್ತು. 2008ರ ಒಂದು ಅಧ್ಯಯನದಲ್ಲಿ 76 ರೋಗಿಗಳ ಪೈಕಿ 25 ಜನಕ್ಕೆ ಅಲರ್ಜಿಯಾಗಿತ್ತು. ಔಷಧಿ ಕೊಡುವ ಮೊದಲೇ ತೆಗೆದಿಟ್ಟಿದ್ದ ರಕ್ತ ಪರೀಕ್ಷಿಸಿದರೆ, ಆ 25ರಲ್ಲಿ 17 ಜನರಲ್ಲಿ ಔಷಧಿಯ ವಿರುದ್ಧ ಪ್ರತಿಕಾಯ ಆಗಲೇ ಕೂತಿತ್ತು! ಕ್ಯಾನ್ಸರ್ ಇಲ್ಲದವರ ರಕ್ತವನ್ನೂ ನೋಡಿದರು. ಟೆನ್ನೆಸೀಯಲ್ಲಿ ನೂರಕ್ಕೆ ಸುಮಾರು 21 ಜನರಲ್ಲಿತ್ತು. ಬಾಸ್ಟನ್‌ನಲ್ಲಿ ಒಬ್ಬರಲ್ಲೂ ಇಲ್ಲ ಅನ್ನುವಷ್ಟು ಕಮ್ಮಿ.

ಈ ಔಷಧಿಯನ್ನು ಇಲಿಯ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಆ ಕೋಶಗಳು ಸುಮ್ನೆ ಇರದೆ ಔಷಧಿಗೆ ತಮ್ಮದೊಂದು ಸಕ್ಕರೆಯ ಕಣ ಅಂಟಿಸಿಬಿಡುತ್ತವೆ. ಅದೇ ಆಲ್ಫಾ-ಗ್ಯಾಲ್. ದನ, ಕುರಿ, ಹಂದಿಗಳಲ್ಲೂ ಇದೆ, ಮನುಷ್ಯರಲ್ಲಿ ಇಲ್ಲ. ಪ್ರತಿಕಾಯಗಳು ಹಿಡಿದಿದ್ದು ಈ ಸಕ್ಕರೆಯನ್ನು. ಕ್ಯಾನ್ಸರಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಸರಿ, ಟೆನ್ನೆಸೀಯವರಿಗೇ ಯಾಕೆ? ಈ ಅಲರ್ಜಿಯ ನಕಾಶೆಯನ್ನು ಅಲ್ಲಿನ ಉಣುಗು ಜ್ವರವೊಂದರ ನಕಾಶೆಯ ಪಕ್ಕ ಇಟ್ಟರೆ ಎರಡೂ ಹೊಂದಿಕೊಂಡವು. ಉಣುಗು ಅಂದರೆ ನಮ್ಮ ಮಲೆನಾಡಿನವರಿಗೆ ಮಂಗನ ಕಾಯಿಲೆ ನೆನಪಾಗುತ್ತದೆ. ಇದು ಬೇರೆ ಜಾತಿ, ಲೋನ್ ಸ್ಟಾರ್ ಟಿಕ್. ಹೆಣ್ಣಿನ ಬೆನ್ನ ಮೇಲೆ ಒಂದೇ ಒಂದು ಬಿಳಿ ಚುಕ್ಕೆ.

ಇದರ ಬೆನ್ನು ಹತ್ತಿದವರು ವರ್ಜೀನಿಯಾ ವಿಶ್ವವಿದ್ಯಾಲಯದ ಥಾಮಸ್ ಪ್ಲಾಟ್ಸ್-ಮಿಲ್ಸ್. 2007ರಲ್ಲಿ ಕಾಡು ಸುತ್ತಿ ಬಂದು ನೋಡಿಕೊಂಡರೆ ಕಾಲಿನ ತುಂಬ ಉಣುಗು ಮರಿಗಳು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಕುರಿಮಾಂಸದ ಚಾಪ್ಸ್ ತಿಂದರು. ಗಂಟೆಗಟ್ಟಲೆ ಏನೂ ಆಗಲಿಲ್ಲ. ರಾತ್ರಿ ಮೈತುಂಬ ಗಂಧೆ ಎದ್ದಿತು. ಅವರದೇ ರಕ್ತದಲ್ಲಿ ಆಲ್ಫಾ-ಗ್ಯಾಲ್ ಪ್ರತಿಕಾಯ ಏರಿತ್ತು. ಅಂದರೆ ಉಣುಗು ಕಚ್ಚಿದಾಗಲೇ ಮೈಗೆ ಈ ಸಕ್ಕರೆಯ ಪರಿಚಯವಾಗಿ, ಪ್ರತಿಕಾಯ ತಯಾರಾಗುತ್ತದೆ. ವಿಜ್ಞಾನಿಗೆ ಇದಕ್ಕಿಂತ ಕೈಗೆಟಕುವ ಪುರಾವೆ ಎಲ್ಲಿ ಸಿಗಬೇಕು! ಔಷಧಿ ನೇರ ರಕ್ತಕ್ಕೆ ಹೋಗುವುದರಿಂದ ನಿಮಿಷಗಳಲ್ಲಿ ತೋರುತ್ತದೆ. ಮಾಂಸ ಜೀರ್ಣವಾಗಬೇಕು, ಅದಕ್ಕೇ ಮೂರರಿಂದ ಆರು ಗಂಟೆ ತಡ.

ಹಾಗಾಗಿ ‘ಅಪರೂಪ’ ಎಂಬ ಪದ ಕಂಡಾಗ ಯಾವ ಊರಲ್ಲಿ, ಯಾರಿಗೆ ಎಂದು ಕೇಳುವ ಅಭ್ಯಾಸ ನನಗೆ ಬಂದಿದೆ. ಬದಲಿ ಔಷಧಿಯೂ ಇದೆ. ಪ್ಯಾನಿಟುಮುಮ್ಯಾಬ್ ಅದೇ ಪ್ರೋಟೀನನ್ನು ಹಿಡಿಯುತ್ತದೆ, ಆದರೆ ಆ ಸಕ್ಕರೆಯ ಕಾಟವಿಲ್ಲ. ಸೆಟುಕ್ಸಿಮ್ಯಾಬ್ ಕೊಡುವ ಮುಂಚೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ‘ಮಟನ್ ಊಟ ಮಾಡಿದ ರಾತ್ರಿ ಯಾವಾಗಲಾದರೂ ಮೈ ಕೆರೆದು ಎಚ್ಚರವಾಗಿದೆಯಾ?’ ರೋಗಿಗಳು ಹೆಂಡತಿಯ ಮುಖ ನೋಡುತ್ತಾರೆ. ಪಾಪ, ಇವರಿಗೇನಾಯಿತು ಅನ್ನೋ ಹಾಗೆ.

ಈಗ ನಿಮ್ಮ ಪ್ರಶ್ನೆಗಳು.