ಮಿಕ್ಸರ್‌ನಿಂದ ಪೋರ್ಟಬಲ್ ಸ್ಪೀಕರ್‌ಗೆ: ಸಿಗ್ನಲ್ ಯಾವ ದಾರೀಲಿ ಹೋಗ್ಬೇಕು, ರಿವರ್ಬ್ ಎಲ್ಲಿ ಹಾಕ್ಬೇಕು?

ಎಲ್ರಿಗೂ ನಮಸ್ಕಾರ. ಮಿಕ್ಸರ್‌ಗೂ ಪೋರ್ಟಬಲ್ ಸ್ಪೀಕರ್‌ಗೂ ಒಂದು ಕೇಬಲ್ ಹಾಕಿದ್ರೆ ಸೌಂಡ್ ಬರತ್ತೆ, ಅದಕ್ಕೊಂದು ವಿಡಿಯೋ ಯಾಕೆ ಅಂತೀರಾ? ಬರತ್ತೆ ನಿಜ, ಆದ್ರೆ ಒಂದೋ ಒಡೆದ ಸೌಂಡ್ ಬರತ್ತೆ, ಇಲ್ಲಾ ಗುಹೆ ಒಳಗಿಂದ ಹಾಡ್ದಂಗೆ ಬರತ್ತೆ, ಇಲ್ಲಾಂದ್ರೆ ಟ್ರ್ಯಾಕ್‌ನಲ್ಲಿರೋ ವಾದ್ಯ ಎಲ್ಲ ಕೇಳಿಸಿ ಹಾಡೋರ ದನಿ ಮಾತ್ರ ಮಾಯ ಆಗಿರತ್ತೆ. ಒಂದೊಂದಾಗಿ ನೋಡೋಣ.

[ಸ್ಕ್ರೀನ್: ಸ್ಪೀಕರ್ ಹಿಂಬದಿ, ಹತ್ತಿರದಿಂದ]

ಈ ಬ್ಯಾಟರಿ ಸ್ಪೀಕರ್ ಹಿಂದೆ ಏನೇನಿದೆ ನೋಡಿ. ಎರಡೋ ಮೂರೋ ಇನ್‌ಪುಟ್, ಪ್ರತಿಯೊಂದಕ್ಕೂ ವಾಲ್ಯೂಮ್, ಬಾಸ್, ಟ್ರೆಬಲ್, ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಹಾಡ್ದಂಗೆ ದನಿಗೆ ಗುಂಗು ಸೇರಿಸೋದು), ಅದರ ಮೇಲೆ ಬ್ಲೂಟೂತ್ ಬೇರೆ. ಅಂದ್ರೆ ಇದು ಬರೀ ಸ್ಪೀಕರ್ ಅಲ್ಲ, ಇದರ ಹೊಟ್ಟೆಲೇ ಒಂದು ಪುಟ್ಟ ಮಿಕ್ಸರ್ ಕೂತಿದೆ. ನೀವು ಇನ್ನೊಂದು ಮಿಕ್ಸರ್ ತಂದು ಇದಕ್ಕೆ ಕೊಟ್ರೆ ಒಂದರ ಹಿಂದೆ ಒಂದು ಎರಡು ಮಿಕ್ಸರ್ ಆಯ್ತು, ಎರಡರಲ್ಲೂ ಗೇನ್ (ಒಳಗೆ ಬರೋ ಸಿಗ್ನಲ್‌ನ ಎಷ್ಟು ಹಿಗ್ಗಿಸ್ಬೇಕು ಅನ್ನೋ ನಾಬ್) ಇದೆ, ಎರಡರಲ್ಲೂ ಇಕ್ಯೂ (ಬಾಸ್ ಟ್ರೆಬಲ್ ಹೊಂದಿಸೋದು) ಇದೆ, ಎರಡರಲ್ಲೂ ರಿವರ್ಬ್ ಇದೆ, ಯಾವ ಕೆಲಸ ಯಾವುದು ಮಾಡ್ಬೇಕು ಅಂತ ನೀವು ಹಂಚಿ ಕೊಡದೇ ಇದ್ರೆ ಎರಡೂ ಎಲ್ಲಾ ಕೆಲಸ ಮಾಡೋಕೆ ಹೋಗತ್ತೆ. ನಾನು ಹೇಳೋದಿಷ್ಟೇ, ಹೊರಗಡೆ ಮಿಕ್ಸರ್ ಬಂದ ಮೇಲೆ ಸ್ಪೀಕರ್‌ಗೆ ಸ್ವಂತ ಬುದ್ಧಿ ಬೇಡ. ಬಾಸ್ ಟ್ರೆಬಲ್ ಮಧ್ಯಕ್ಕೆ, ರಿವರ್ಬ್ ಸೊನ್ನೆಗೆ, ವಾಯ್ಸ್ ಅಥವಾ ಗಿಟಾರ್ ಅಂತ ಪ್ರಿಸೆಟ್ ಸ್ವಿಚ್ ಇದ್ರೆ ಅದೂ ಆಫ್.

ಈಗ ಒಡೆದ ಸೌಂಡ್ ವಿಷಯ. ಮೈಕ್‌ನಿಂದ ಬರೋ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಮಿಕ್ಸರ್‌ನ ಮೇನ್ ಔಟ್ ಲೈನ್ ಲೆವೆಲ್, ಪ್ರೊಫೆಶನಲ್ ಲೆಕ್ಕದಲ್ಲಿ +4 ಡಿಬಿಯು, ಅಂದ್ರೆ ಸುಮಾರು 1.23 ವೋಲ್ಟ್. ಎಷ್ಟು ವ್ಯತ್ಯಾಸ ನೋಡಿ, ನೂರಾರು ಪಟ್ಟು. ಸ್ಪೀಕರ್ ಹಿಂದಿನ ಸ್ವಿಚ್ ಮೈಕ್ ಕಡೆ ಇದ್ರೆ ಅದು ಈಗಾಗ್ಲೇ ದೊಡ್ಡದಿರೋ ಸಿಗ್ನಲ್‌ನ ಮತ್ತೆ ಹಿಗ್ಗಿಸೋಕೆ ಹೋಗತ್ತೆ, ಅಲ್ಲೇ ಕ್ಲಿಪ್ ಆಗೋದು, ಅಂದ್ರೆ ಮಿತಿ ಮೀರಿ ಸೌಂಡ್ ಒಡೆಯೋದು. ಆಮೇಲೆ ಸ್ಪೀಕರ್ ವಾಲ್ಯೂಮ್ ಕಮ್ಮಿ ಮಾಡಿದ್ರೂ ಎಷ್ಟೋ ಸಲ ಪ್ರಯೋಜನ ಇಲ್ಲ, ಒಡೆದ ಸೌಂಡೇ ಸಣ್ಣಗೆ ಕೇಳತ್ತೆ ಅಷ್ಟೇ, ಯಾಕಂದ್ರೆ ಒಡೆದಿರೋದು ಆ ನಾಬ್‌ಗಿಂತ ಮೊದಲೇ. ಹಾಗಾಗಿ ಸ್ವಿಚ್ ಲೈನ್‌ಗೆ ಹಾಕಿ. ಕೆಲವದ್ರಲ್ಲಿ ಸ್ವಿಚ್ಚೇ ಇರಲ್ಲ, ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ದುಂಡನೆ ಪ್ಲಗ್) ಹಾಕಿದ್ರೆ ಮೈಕ್, ಜ್ಯಾಕ್ ಹಾಕಿದ್ರೆ ಲೈನ್ ಅಂತ ಅದೇ ಅಂದ್ಕೊಳ್ಳತ್ತೆ, ಅದಕ್ಕೆ ಮ್ಯಾನ್ಯುಯಲ್ ಒಂದ್ಸಲ ತೆಗೆದು ನೋಡೋದು ವಾಸಿ. ಆ ಇನ್‌ಪುಟ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೆಲವು ಮೈಕ್‌ಗಳಿಗೆ ಕೇಬಲ್‌ನಲ್ಲೇ ಕೊಡೋ ಕರೆಂಟ್) ಇದ್ರೆ ಅದನ್ನೂ ಆಫ್ ಮಾಡಿ, ಮಿಕ್ಸರ್ ಔಟ್‌ಪುಟ್‌ಗೆ ಅದರಿಂದ ಏನೂ ಆಗ್ಬೇಕಾಗಿಲ್ಲ.

ಲೆವೆಲ್ ಇಡೋದು ಹೀಗೆ: ಮೊದಲು ಸ್ಪೀಕರ್ ವಾಲ್ಯೂಮ್ ಪೂರ್ತಿ ಕೆಳಗೆ. ಹಾಡೋರು ಜೋರಾಗಿ ಹಾಡೋವಾಗ ಮಿಕ್ಸರ್‌ನಲ್ಲಿ ಅವರ ಮೈಕ್‌ನ ಚಾನೆಲ್ ಗೇನ್ ಹೊಂದಿಸಿ, ಕೆಂಪು ಲೈಟ್ ಬರ್ಬಾರ್ದು. ಚಾನೆಲ್ ಫೇಡರ್ (ಮೇಲೆ ಕೆಳಗೆ ಜಾರೋ ವಾಲ್ಯೂಮ್), ಮೇನ್ ಫೇಡರ್ ಎರಡೂ ಸೊನ್ನೆ ಗುರುತಿನ (ಪೂರ್ತಿ ಕೆಳಗಲ್ಲ, ಪಕ್ಕದಲ್ಲಿ 0 ಅಂತ ಬರೆದಿರೋ ಜಾಗ) ಹತ್ರ ಇಡಿ. ಆಮೇಲೆ ಸ್ಪೀಕರ್‌ನ ನಿಧಾನಕ್ಕೆ ಏರಿಸ್ತಾ ಜಾಗಕ್ಕೆ ಸಾಕಾಗುವಷ್ಟಕ್ಕೆ ನಿಲ್ಲಿಸಿ.

[ಸ್ಕ್ರೀನ್: ಟಿಆರ್‌ಎಸ್ ಜ್ಯಾಕ್ ಚಿತ್ರ]

ಇನ್ನು ದನಿ ಮಾಯ ಆಗೋ ಕೇಸ್, ನನಗೆ ಇದು ಭಾರಿ ಮಜಾ ಅನ್ಸತ್ತೆ. ಮಿಕ್ಸರ್‌ನ ಹೆಡ್‌ಫೋನ್ ಔಟ್‌ನಿಂದಲೋ ಮೊಬೈಲ್‌ನಿಂದಲೋ ಒಂದು ಸ್ಟೀರಿಯೋ ಕೇಬಲ್ ತಗೊಂಡು ನೇರ ಸ್ಪೀಕರ್‌ನ ಬ್ಯಾಲೆನ್ಸ್‌ಡ್ ಜ್ಯಾಕ್‌ಗೆ ಹಾಕ್ತಾರೆ. ಪ್ಲಗ್ ನೋಡೋಕೆ ಎರಡೂ ಒಂದೇ ಥರ, ತುದಿ, ರಿಂಗ್, ಸ್ಲೀವ್, ಇದನ್ನೇ ಟಿಆರ್‌ಎಸ್ ಅನ್ನೋದು. ಆದ್ರೆ ಹೆಡ್‌ಫೋನ್ ಔಟ್‌ನಲ್ಲಿ ತುದಿ ಅಂದ್ರೆ ಎಡ, ರಿಂಗ್ ಅಂದ್ರೆ ಬಲ. ಬ್ಯಾಲೆನ್ಸ್‌ಡ್ ಇನ್‌ಪುಟ್ ಮಾಡೋ ಕೆಲಸ ಏನಪ್ಪಾ ಅಂದ್ರೆ ತುದೀಲಿ ಬಂದಿದ್ರಲ್ಲಿ ರಿಂಗ್‌ನಲ್ಲಿ ಬಂದಿದ್ದನ್ನ ಕಳೆಯೋದು, ಉದ್ದದ ಕೇಬಲ್‌ನಲ್ಲಿ ಸೇರ್ಕೊಂಡ ನಾಯ್ಸ್ ಹೋಗೋದೇ ಆ ಕಳೆಯೋ ಲೆಕ್ಕದಿಂದ. ಹಾಡಿನ ದನಿ ಸಾಮಾನ್ಯವಾಗಿ ನಟ್ಟನಡುವೆ ಇರತ್ತೆ, ಎಡ ಬಲ ಎರಡರಲ್ಲೂ ಒಂದೇ ಸಮ. ಎಡದಲ್ಲಿ ಬಲ ಕಳೆದ್ರೆ ಉಳಿಯೋದು ಸೊನ್ನೆ, ದನಿ ಹೋಯ್ತು. ಸ್ಪೀಕರ್ ಕೆಟ್ಟಿದೆ ಅಂತ ಅದನ್ನ ಬಿಚ್ಚಬೇಡಿ ದಯವಿಟ್ಟು, ಕೇಬಲ್ ಬದಲಾಯ್ಸಿ. ಒಂದು ಸ್ಟೀರಿಯೋ ಪ್ಲಗ್‌ನಿಂದ ಎರಡು ಮೋನೋ ಪ್ಲಗ್ ಬರೋ ಕೇಬಲ್ ಸಿಗತ್ತೆ, ಅವೆರಡನ್ನ ಎರಡು ಬೇರೆ ಇನ್‌ಪುಟ್‌ಗೆ ಹಾಕಿ.

ಸ್ಪೀಕರ್ ಒಂದೇ ಇದ್ರೆ ಇನ್ನೊಂದು ಗಮನ. ಮೇನ್ ಲೆಫ್ಟ್ ಮಾತ್ರ ಕೊಟ್ರೆ ಬಲಕ್ಕೆ ಪ್ಯಾನ್ ಆಗಿರೋದು (ಪ್ಯಾನ್ ನಾಬ್‌ನಲ್ಲಿ ಬಲಗಡೆಗೆ ತಿರುಗಿಸಿರೋದು) ಯಾವುದೂ ಬರಲ್ಲ. ಹಾಗಂತ ಲೆಫ್ಟ್ ರೈಟ್ ಎರಡನ್ನೂ ವೈ ಕೇಬಲ್‌ನಲ್ಲಿ ಒಟ್ಟಿಗೆ ಕಟ್ಟೋದು ಬೇಡ, ಔಟ್‌ಪುಟ್‌ಗಳು ಒಂದಕ್ಕೊಂದು ತಳ್ಳಾಡತ್ತೆ. ಮೋನೋ ಔಟ್ ಇದ್ರೆ ಅದು, ಇಲ್ಲಾಂದ್ರೆ ಎಲ್ಲಾ ಪ್ಯಾನ್ ಮಧ್ಯಕ್ಕೆ.

ಎಫೆಕ್ಟ್ಸ್‌ಗೆ ಬರೋಣ. ರಿವರ್ಬ್, ಡಿಲೇ ಇವು ಸೆಂಡ್ ಮೇಲೆ ಹೋಗೋವು. ಚಾನೆಲ್‌ನ ಸಿಗ್ನಲ್ ತನ್ನ ಪಾಡಿಗೆ ಮೇನ್‌ಗೆ ಹೋಗ್ತಿರತ್ತೆ, ಅದರ ಒಂದು ನಕಲು ಮಾತ್ರ ಆಕ್ಸ್ ನಾಬ್ (ಚಾನೆಲ್‌ನ ಸೆಂಡ್ ನಾಬ್) ಮೂಲಕ ಎಫೆಕ್ಟ್‌ಗೆ ಹೋಗಿ ರಿಟರ್ನ್‌ನಲ್ಲಿ ವಾಪಸ್ ಬಂದು ಸೇರ್ಕೊಳತ್ತೆ. ಒಂದೇ ರಿವರ್ಬ್ ಇಟ್ಕೊಂಡು ನಾಲ್ಕು ಜನಕ್ಕೆ ನಾಲ್ಕು ಅಳತೇಲಿ ಕೊಡಬಹುದು. ಹೊರಗಿನ ಎಫೆಕ್ಟ್ ಬಾಕ್ಸ್ ಆದ್ರೆ ಅದರ ಮಿಕ್ಸ್ ನಾಬ್ 100 ಪರ್ಸೆಂಟ್ ವೆಟ್ (ಬರೀ ಎಫೆಕ್ಟ್) ಇರ್ಲಿ, ಡ್ರೈ (ಎಫೆಕ್ಟ್ ಇಲ್ಲದ ದನಿ) ಹೇಗೂ ಚಾನೆಲ್‌ನಿಂದ ಬರ್ತಿದೆಯಲ್ಲ. ಕಂಪ್ರೆಸರ್ (ಜೋರಾದ ದನಿ ತಗ್ಗಿಸಿ ಸಮ ಮಾಡೋದು) ಕಥೆ ಬೇರೆ, ಅದಕ್ಕೆ ನಕಲು ಸಾಲಲ್ಲ, ಪೂರ್ತಿ ಸಿಗ್ನಲ್ಲೇ ಅದರ ಮೂಲಕ ದಾಟ್ಬೇಕು, ಅದಕ್ಕೆ ಇನ್ಸರ್ಟ್ ಜ್ಯಾಕ್.

ರಿವರ್ಬ್‌ನ ಈ ಸೆಂಡ್ ಪೋಸ್ಟ್ ಫೇಡರ್ ಆಗಿರ್ಬೇಕು, ಅಂದ್ರೆ ನಕಲು ಫೇಡರ್ ದಾಟಿದ ಮೇಲೆ ಹೋಗ್ಬೇಕು. ಪ್ರಿ ಫೇಡರ್, ಅಂದ್ರೆ ಫೇಡರ್‌ಗಿಂತ ಮೊದಲೇ ಹೋಗೋ ಹಾಗೆ ಇಟ್ರೆ ಏನಾಗತ್ತೆ ಅಂದ್ರೆ ನೀವು ಹಾಡೋರ ಫೇಡರ್ ಕೆಳಗೆ ಎಳೆದ್ರೂ ಅವರ ರಿವರ್ಬ್ ಮಾತ್ರ ದೆವ್ವದ ಥರ ಕೇಳಿಸ್ತಾನೇ ಇರತ್ತೆ. ಮಾನಿಟರ್‌ಗೆ (ಹಾಡೋರು ತಮ್ಮ ದನಿ ಕೇಳಿಸ್ಕೊಳ್ಳೋಕೆ ಇಡೋ ಸ್ಪೀಕರ್‌ಗೆ) ತದ್ವಿರುದ್ಧ, ಅದು ಪ್ರಿ ಫೇಡರ್, ಯಾಕಂದ್ರೆ ನೀವು ಜನರಿಗೋಸ್ಕರ ಫೇಡರ್ ಆಡಿಸಿದಾಗೆಲ್ಲ ಹಾಡೋರ ಮುಂದಿನ ಸ್ಪೀಕರ್ ಏರಿಳಿಬಾರ್ದು. ಇನ್ನೊಂದು ಅಪಾಯದ ಜಾಗ: ರಿಟರ್ನ್‌ನ ಒಂದು ಖಾಲಿ ಚಾನೆಲ್‌ಗೆ ತಂದಿದ್ರೆ ಆ ಚಾನೆಲ್‌ನ ಅದೇ ಆಕ್ಸ್ ನಾಬ್ ಸೊನ್ನೇಲೇ ಇರ್ಬೇಕು. ಸ್ವಲ್ಪ ತಿರುಗಿಸಿದ್ರೂ ರಿವರ್ಬ್ ಔಟ್ ರಿವರ್ಬ್ ಇನ್‌ಗೇ ಹೋಗಿ ಸುತ್ತು ಹೊಡೆದು ಕೂಗೋಕೆ ಶುರು.

ಮಿಕ್ಸರ್‌ನಲ್ಲಿ ಎಫೆಕ್ಟ್ ಮ್ಯೂಟ್ ಅಥವಾ ಫುಟ್‌ಸ್ವಿಚ್ ಇದ್ರೆ ಉಪಯೋಗ್ಸಿ, ಹಾಡಿನ ಮಧ್ಯೆ ಮಾತಾಡೋವಾಗ ರಿವರ್ಬ್ ಇದ್ರೆ ಒಂದು ಪದಾನೂ ಅರ್ಥ ಆಗಲ್ಲ.

ಹಾಗಾದ್ರೆ ಸ್ಪೀಕರ್‌ನ ಸ್ವಂತ ರಿವರ್ಬ್ ದಂಡಾನಾ? ಇಲ್ಲ. ಮಿಕ್ಸರ್ ಇಲ್ದೇ ಒಂದು ಮೈಕ್ ನೇರ ಹಾಕಿದಾಗ ಅದೇ ಗತಿ. ಮತ್ತೆ ಎರಡನೇ ಪೋರ್ಟಬಲ್‌ನ ಮಾನಿಟರ್ ಮಾಡ್ಕೊಂಡಿದ್ರೆ, ಹಾಡೋರು ಡ್ರೈ ದನೀಲಿ ಹಾಡೋಕಾಗಲ್ಲ ಅಂದ್ರೆ, ಆ ಸ್ಪೀಕರ್‌ನಲ್ಲೇ ಒಂಚೂರು ರಿವರ್ಬ್ ತಿರುಗಿಸಿ. ಅವರಿಗೂ ಸಮಾಧಾನ, ಜನರ ಕಡೆ ಮಿಕ್ಸೂ ಕೆಡಲ್ಲ. ಒಂಚೂರು ಅಂದ್ರೆ ಒಂಚೂರೇ, ಜಾಸ್ತಿ ಆದ್ರೆ ಫೀಡ್‌ಬ್ಯಾಕ್ (ಸ್ಪೀಕರ್ ಸೌಂಡ್ ಮತ್ತೆ ಮೈಕ್‌ಗೇ ಹೋಗಿ ಕೂಗೋದು) ಬೇಗ ಬರತ್ತೆ.

[ಸ್ಕ್ರೀನ್: ಮುಂದೊಂದು, ಹಿಂದೊಂದು ಸ್ಪೀಕರ್]

ಎರಡು ಸ್ಪೀಕರ್ ಸೇರ್ಸೋದಾದ್ರೆ ಮೊದಲನೇದರ ಲೈನ್ ಔಟ್‌ನಿಂದ ಎರಡನೇದರ ಲೈನ್ ಇನ್‌ಗೆ. ಎರಡನ್ನ ಬ್ಲೂಟೂತ್‌ನಲ್ಲಿ ಜೋಡಿ ಮಾಡೋ ಆಸೆ ಇದ್ರೆ ಹಿನ್ನೆಲೆ ಸಂಗೀತಕ್ಕೆ ಮಾತ್ರ ಇಟ್ಕೊಳ್ಳಿ, ಮಾಮೂಲಿ ಬ್ಲೂಟೂತ್‌ನಲ್ಲಿ 100ರಿಂದ 200 ಮಿಲಿಸೆಕೆಂಡ್ ತಡ ಆಗತ್ತೆ, ಲೈವ್ ಮೈಕ್‌ಗೆ ಅದು ಆಗೋ ಮಾತಲ್ಲ. ಎರಡನೇದನ್ನ 20 ಮೀಟರ್ ಹಿಂದೆ ಇಟ್ರೆ ಇನ್ನೊಂದು ಲೆಕ್ಕ ಇದೆ. ಶಬ್ದ ಗಾಳೀಲಿ ಸೆಕೆಂಡ್‌ಗೆ ಸುಮಾರು 343 ಮೀಟರ್ ಹೋಗತ್ತೆ, ಅಂದ್ರೆ ಮುಂದಿನ ಸ್ಪೀಕರ್ ಸೌಂಡ್ ಅಲ್ಲಿಗೆ ಮುಟ್ಟೋಕೆ ಸುಮಾರು 58 ಮಿಲಿಸೆಕೆಂಡ್, ಕೇಬಲ್‌ನಲ್ಲಿ ಹೋಗಿದ್ದು ಆ ಕ್ಷಣಕ್ಕೇ ಬಂದಿರತ್ತೆ. ಹಿಂದೆ ಕೂತೋರಿಗೆ ಒಂದೇ ಪದ ಎರಡೆರಡು ಸಲ. ಹಿಂದಿನ ಸ್ಪೀಕರ್‌ಗೆ ಅಷ್ಟು ಡಿಲೇ ಕೊಡಿ, ಇದು ಎಫೆಕ್ಟ್ ಡಿಲೇ ಅಲ್ಲ, ಔಟ್‌ಪುಟ್ ಡಿಲೇ, ಡಿಜಿಟಲ್ ಮಿಕ್ಸರ್‌ಗಳಲ್ಲಿ ಮತ್ತೆ ಕೆಲವು ಸ್ಪೀಕರ್‌ಗಳಲ್ಲಿ ಇರತ್ತೆ.

ಗುಂಯ್ ಅಂತ ಹಮ್ ಬರ್ತಿದ್ರೆ ಸ್ಪೀಕರ್‌ನ ಪವರ್ ಕೇಬಲ್ ತೆಗೆದು ಬ್ಯಾಟರಿ ಮೇಲೆ ಓಡ್ಸಿ ನೋಡಿ. ನಿಂತೋಯ್ತಾ? ಹಾಗಾದ್ರೆ ಗ್ರೌಂಡ್ ಲೂಪ್, ಅಂದ್ರೆ ಮಿಕ್ಸರ್ ಸ್ಪೀಕರ್ ಎರಡರ ಅರ್ತೂ ಕೇಬಲ್ ಮೂಲಕ ಸೇರಿ ಒಂದು ಸುತ್ತು ಆಗಿರೋದು. ಬ್ಯಾಟರೀಲೇ ಬಿಡಿ, ಇಲ್ಲಾ ಮಧ್ಯೆ ಆ ಸುತ್ತನ್ನ ಮುರಿಯೋ, ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ ಹಾಕಿ. ಪ್ಲಗ್‌ನ ಅರ್ತ್ ಪಿನ್ ಕತ್ತರಿಸೋ ಸಲಹೆ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಶಾಕ್ ಹೊಡೆಯೋ ದಾರಿ ಅದು.

ಆನ್ ಮಾಡೋವಾಗ ಮಿಕ್ಸರ್ ಮೊದಲು ಸ್ಪೀಕರ್ ಕೊನೆಗೆ, ಆಫ್ ಮಾಡೋವಾಗ ಸ್ಪೀಕರ್ ಮೊದಲು. ಇಲ್ಲಾಂದ್ರೆ ಆ ಧಪ್ ಅನ್ನೋ ಹೊಡೆತ ಎಲ್ಲಾ ಸ್ಪೀಕರ್‌ಗೇ ಬೀಳೋದು.