ಆರು ಹೊತ್ತಿನ ಮಹಾಶಯರಿಗೆ ಒಂದು ಉತ್ತರ

ನಮಸ್ಕಾರ. ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಸೀಬಾಸ್ ಮೀನು ಸಾಕುವ ಬಗ್ಗೆ ಮಾಡಿದ ಹೋದ ಸಂಚಿಕೆಯ ಕೆಳಗೆ ಒಬ್ಬ ಮಹಾಶಯರು ಬರೆದಿದ್ದಾರೆ: "ಬೆಳೆದ ಸೀಬಾಸ್‌ಗೆ ದಿನಕ್ಕೆ ಎರಡು ಹೊತ್ತು ಸಾಕು ಎನ್ನುತ್ತೀರಲ್ಲ, ನೀವು ಶುದ್ಧ ಸೋಮಾರಿ. ನಾನು ಆರು ಹೊತ್ತು ಹಾಕುತ್ತೇನೆ." ಸೋಮಾರಿ ಎಂದದ್ದಕ್ಕೆ ಬೇಸರವಿಲ್ಲ, ಮನೆಯಲ್ಲೂ ನನಗೆ ಅದೇ ಬಿರುದು. ಆದರೆ ಆ ಆರಕ್ಕೆ ಉತ್ತರ ಕೊಡದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ಎಷ್ಟು ಸಲ ಎರಚಿದಿರಿ ಎಂಬುದು ಲೆಕ್ಕವಲ್ಲ ಸ್ವಾಮಿ, ಮೈಗೆ ಎಷ್ಟು ಹತ್ತಿತು ಎಂಬುದು ಲೆಕ್ಕ. ಸೀಬಾಸ್ ಬೇಟೆಗಾರ ಮೀನು. ಸಿಕ್ಕಾಗ ಗಬಕ್ಕನೆ ನುಂಗಿ, ಆಮೇಲೆ ಸಾವಕಾಶವಾಗಿ ಅರಗಿಸಿಕೊಳ್ಳುವ ಹೊಟ್ಟೆ ಅದರದು. ಮೊದಲಿನದು ಅರಗುವ ಮುನ್ನವೇ ಮೇಲಿಂದ ಸುರಿದರೆ ಒಂದಷ್ಟು ಅರೆಬರೆ ಅರಗಿ ಹೊರಹೋಗುತ್ತದೆ, ಒಂದಷ್ಟು ಬಾಯಿಗೇ ಹೋಗದೆ ಬಲೆಯ ಕಣ್ಣಿನಿಂದ ಕೆಳಗಿಳಿಯುತ್ತದೆ. ಒಂದು ಕಿಲೋ ಮೀನು ಬೆಳೆಯಲು 1.5 ಕಿಲೋ ಆಹಾರ ಸಾಕಾಗುವ ಕಡೆ ನೀವು 2 ಕಿಲೋ ಸುರಿದಿರಿ ಎನ್ನಿ. ಒಂದು ಟನ್ ಮೀನಿಗೆ 500 ಕಿಲೋ ಆಹಾರ ಸಮುದ್ರದ ಪಾಲು. ಪಂಜರ ಕೃಷಿಯ ಖರ್ಚಿನಲ್ಲಿ ಸಿಂಹಪಾಲು ಆಹಾರದ್ದೇ ಎಂದು ನಿಮಗೆ ಯಾರೂ ಹೇಳಲಿಲ್ಲವೇ?

ಇನ್ನೊಂದು. ಉಂಡ ಮೀನಿಗೆ ಅರಗಿಸಿಕೊಳ್ಳಲು ಹೆಚ್ಚು ಆಮ್ಲಜನಕ ಬೇಕು, ಅದು ಹೊರಬಿಡುವ ಅಮೋನಿಯಾ ಕೂಡ ಹೆಚ್ಚು. ಅತ್ತ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಸುಡುಬಿಸಿಲಿನಲ್ಲಿ, ನೀರು ಅಲುಗದೆ ನಿಂತಿರುವಾಗ ನಾಲ್ಕನೇ ಹೊತ್ತು ಬಡಿಸುವ ಪುಣ್ಯಾತ್ಮರೇ, ಮೀನು ಉಣ್ಣುವುದೋ, ಉಸಿರಾಡುವುದೋ?

"ಹಾಗಾದರೆ ಮರಿಗಳಿಗೆ?" ಎಂದು ಒಬ್ಬರು ಬಂದೇ ಬರುತ್ತಾರೆ. ಬಂದರು ನೋಡಿ. ಆಗತಾನೆ ಬಾಯಿ ಬಿಟ್ಟ ಸೀಬಾಸ್ ಮರಿಗೆ ಕೆಲಸ ಮಾಡುವ ಜಠರವೇ ಇರುವುದಿಲ್ಲ. ಅದರ ಸುತ್ತ ರೋಟಿಫರ್ ಎಂಬ ಅತಿ ಸಣ್ಣ ಜೀವಿ, ಆಮೇಲೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿ ಆಹಾರವಾಗಿ ಸದಾ ಈಜಾಡುತ್ತಿರಬೇಕು. ತುಸು ದೊಡ್ಡದಾದ ಮೇಲೂ ಹಸಿವು ತಾಳದು. ದೊಡ್ಡ ಮರಿ ತನ್ನ ಉದ್ದದ ಅರ್ಧ ಮೀರಿದ ಒಡಹುಟ್ಟನ್ನೇ ನುಂಗಿಬಿಡುತ್ತದೆ. ಮರಿಗೆ ಆರಲ್ಲ, ಎಂಟು ಹೊತ್ತು ಹಾಕಿ, ನನ್ನ ತಕರಾರಿಲ್ಲ. ಆದರೆ ನಿಮ್ಮ ಮೀನು ಅರ್ಧ ಕಿಲೋ ತೂಗುತ್ತದೆ. ಅದನ್ನಿನ್ನೂ ತೊಟ್ಟಿಲಿನಲ್ಲೇ ತೂಗುತ್ತಿದ್ದೀರಾ?

"ನಮ್ಮಲ್ಲಿ ಯಂತ್ರವಿದೆ, ಹೊತ್ತಿಗೆ ಸರಿಯಾಗಿ ಉದುರಿಸುತ್ತದೆ." ಸರಿ, ಯಂತ್ರಕ್ಕೆ ಹೊತ್ತು ಗೊತ್ತು, ಹಸಿವು ಗೊತ್ತೇ? ಮೀನು ತಾನೇ ತಳ್ಳಿದರೆ ಆಹಾರ ಬೀಳುವ ಸಾಧನವನ್ನು ಯುರೋಪಿನ ಸೀಬಾಸ್‌ಗೆ ಕೊಟ್ಟು ನೋಡಿದ್ದಾರೆ. ಬೆಚ್ಚಗಿನ ತಿಂಗಳುಗಳಲ್ಲಿ ಹಗಲು ಉಂಡ ಮೀನು ಚಳಿಗಾಲದಲ್ಲಿ ರಾತ್ರಿ ಊಟಕ್ಕೆ ಬದಲಾಯಿತು. ಯಾವ ವೇಳಾಪಟ್ಟಿಯನ್ನು ಕೇಳಿ ಬದಲಾಯಿತು? ಮೈಗೆ ಹತ್ತುವ ಹೊತ್ತು ಅದಕ್ಕೆ ಗೊತ್ತು! ಆಹಾರ ಬಿದ್ದಾಗ ನೀರು ಕುದಿಯುವಂತೆ ಮುಗಿಬೀಳುತ್ತವೆಯೇ, ಹಾಕಿ. ಒಂದೆರಡು ಸುಮ್ಮನೆ ಬಂದು ಮೂಸಿ ಹೋದವೇ, ಕೈ ನಿಲ್ಲಿಸಿ. ಇದನ್ನು ನೋಡಲು ಪಂಜರದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, ಸೋಮಾರಿಯಿಂದ ಆಗುವ ಕೆಲಸವಲ್ಲ ಅದು.

ಅಂದಹಾಗೆ, ದಿನದ ಆಹಾರ, ನೀರಿನ ಉಷ್ಣತೆ, ಹದಿನೈದು ದಿನಕ್ಕೊಮ್ಮೆ ತೂಕ ಬರೆದಿಡಲು ನಾನೇ ಗೆರೆ ಎಳೆದ ಹಾಳೆ ಈ ವಿಡಿಯೋದ ಕೆಳಗಿದೆ. ಪುಕ್ಕಟೆ. ಗೆರೆಗಳು ಸ್ವಲ್ಪ ಸೊಟ್ಟಗಿವೆ, ದೋಣಿಯಲ್ಲಿ ಕುಳಿತು ಎಳೆದದ್ದು.

ಒಂದು ದಿನ ತಪ್ಪಿದರೆ ಮೀನು ಸೊರಗುತ್ತದೆಯೇ? ಇಲ್ಲ. ಕೆಲವು ದಿನ ಉಪವಾಸವಿದ್ದು, ಆಮೇಲೆ ಹಸಿದು ಉಂಡು, ಹಿಂದುಳಿದ ಬೆಳವಣಿಗೆಯನ್ನು ಹಿಡಿಯುವ ಮೀನುಗಳು ಎಷ್ಟೋ ಇವೆ. ಇನ್ನೇನು ಬೇಕು? ಮೈಗೆ ಹತ್ತಬೇಕು, ಅಷ್ಟೇ. ಐದನೇ ಕಾರಣವನ್ನೂ ಬರೆದುಕೊಂಡಿದ್ದೆ, ಹಾಳೆ ಒದ್ದೆಯಾಗಿದೆ. ಹೋಗಲಿ, ಮೈಗೆ ಹತ್ತಬೇಕು!

ಚಂದಾದಾರರಾಗಿ, ಗಂಟೆಯ ಗುರುತನ್ನು ಒತ್ತಿ. ಒಂದೇ ಸಲ. ಎರಡನೇ ಸಲ ಒತ್ತಿದರೆ ರದ್ದಾಗುತ್ತದೆ. ಆರು ಹೊತ್ತಿನ ಮಹಾಶಯರೇ, ನೀವು ಆರು ಸಲ ಒತ್ತುತ್ತೀರಿ ಎಂದು ನನಗೆ ಗೊತ್ತು. ಎಲ್ಲಿಗೆ ಬಂದು ನಿಂತಿರಿ, ನೋಡಿಕೊಳ್ಳಿ.